ಮೊದಲು ಗೋಡೆ ಒಣಗಲಿ, ಮಗಳೇ

ನೀನು ವಾಟ್ಸಾಪಿನಲ್ಲಿ ಕಳಿಸಿದ ಹದಿನಾಲ್ಕು ಫೋಟೋಗಳನ್ನೂ ಕನ್ನಡಕ ಹಾಕಿಕೊಂಡು, ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. ಹಾಲಿನ ದೊಡ್ಡ ಗೋಡೆ ಅಮೃತಶಿಲೆಯ ಹಾಗೆ ಕಾಣಬೇಕು, ನಿಮ್ಮ ಮಲಗುವ ಕೋಣೆಗೆ ರೇಷ್ಮೆ ಹೊದಿಸಿದಂತಿರಬೇಕು, ದೇವರ ಮೂಲೆಗೆ ಚಿನ್ನದ ಮಿಂಚು, ಪುಟ್ಟಿಯ ರೂಮಿಗೆ ಮೋಡ. ಯಲಹಂಕ ನ್ಯೂ ಟೌನಿನಲ್ಲಿ ಸಾಲ ಮಾಡಿ ತೆಗೆದುಕೊಂಡ ಮನೆ, ಆಸೆ ಇರಲೇಬೇಕು. "ದೊಡ್ಡಪ್ಪ, ನಲವತ್ತು ವರ್ಷ ಬಣ್ಣದ ಕೆಲಸ ಮಾಡಿದೀರ, ಯಾವುದು ಚೆನ್ನಾಗಿರುತ್ತೆ ಹೇಳಿ" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ಹದಿನಾಲ್ಕರಲ್ಲಿ ಹನ್ನೆರಡು ಯಾರದೋ ಮನೆಯ ಗೋಡೆಗಳು. ಎರಡು ಮಾತ್ರ ನಿನ್ನವು. ನಾನು ಬಹಳ ಹೊತ್ತು ನೋಡಿದ್ದು ಆ ಎರಡನ್ನೇ. ಮಲಗುವ ಕೋಣೆಯಲ್ಲಿ ಬಾತ್‌ರೂಮಿಗೆ ಬೆನ್ನು ಕೊಟ್ಟಿರುವ ಗೋಡೆ ಇದೆಯಲ್ಲ, ಅದರ ಬುಡದಲ್ಲಿ ಸ್ಕರ್ಟಿಂಗಿನ ಮೇಲೆ ಒಂದು ಗೇಣು ಎತ್ತರಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿದೆ. ನಿನಗೆ ಅದು ಕಂಡಿರಲಿಕ್ಕಿಲ್ಲ. ಫೋಟೋ ತೆಗೆದದ್ದು ಕಿಟಕಿಯನ್ನು ತೋರಿಸಲಿಕ್ಕೆ. ಆದರೆ ರೇಷ್ಮೆಯ ಡಿಸೈನ್ ಬೇಕು ಅಂತ ನೀನು ಬಾಣ ಗುರುತು ಹಾಕಿರುವುದು ಸರಿಯಾಗಿ ಅದೇ ಗೋಡೆಗೆ.

ಮಗಳೇ, ಆ ಗೋಡೆ ನೀರು ಕುಡಿದಿದೆ. ಅದನ್ನು ಅಲಂಕರಿಸಲಿಕ್ಕೆ ಹೋಗಬೇಡ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆಂದರೆ, ನಾನೇ ಒಮ್ಮೆ ಆ ತಪ್ಪು ಮಾಡಿದ್ದೇನೆ. 2009ರ ಬೇಸಿಗೆ, ಆರ್.ಟಿ. ನಗರದ ಒಂದು ಮನೆ. ಆ ಮನೆಯವರ ಮಗಳ ಮದುವೆ ಹತ್ತಿರ ಬಂದಿತ್ತು. ಹಾಲಿನ ಒಂದು ಗೋಡೆಯಲ್ಲಿ ಮಳೆಗಾಲದ ಕಲೆ. ಹೊರಗಡೆ ಪ್ಯಾರಾಪೆಟ್ಟಿನ ಬುಡದಲ್ಲಿ ಬಿರುಕು ಇದ್ದದ್ದು ನನಗೆ ಗೊತ್ತಿತ್ತು. "ಮೇಸ್ತ್ರಿ, ಅದರ ಮೇಲೆ ಏನಾದರೂ ಟೆಕ್ಸ್ಚರ್ ಹೊಡೆದುಬಿಡಿ, ಮುಚ್ಚಿಹೋಗಲಿ" ಅಂದರು. ಬಿಸಿಲಿಗೆ ಗೋಡೆಯ ಮೇಲ್ಮೈ ಒಣಗಿ ನಿಂತಿತ್ತು. ನಾನೂ ಒಪ್ಪಿಕೊಂಡೆ. ಎರಡು ಕೋಟ್ ವಾಲ್ ಪಟ್ಟಿ, ಪ್ರೈಮರ್, ಆಮೇಲೆ ಕರಣೆಯಲ್ಲಿ ಮೂರು ಪದರ ಸ್ಟಕ್ಕೊ ಹಾಕಿ, ತಿಕ್ಕಿ ತಿಕ್ಕಿ ಹೊಳಪು ಬರಿಸಿದೆ. ಮದುವೆಗೆ ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ಕರೆಸಿದರು, ಹೋದೆ. ಆ ಮನೆಯ ಅಜ್ಜಿ ಏನೂ ಮಾತಾಡಲಿಲ್ಲ. ಒಳಗಿನಿಂದ ಒಂದು ಮೊರ ತಂದು ನನ್ನ ಮುಂದಿಟ್ಟರು. ಮೊರದ ತುಂಬ ನನ್ನ ಸ್ಟಕ್ಕೊ, ಅಂಗೈ ಅಗಲದ ಚಕ್ಕೆಗಳು. ಒಂದೊಂದರ ಹಿಂಬದಿಯಲ್ಲೂ ಬಿಳಿ ಉಪ್ಪು ನವಿರಾಗಿ ಹೂವಿನ ಹಾಗೆ ಅರಳಿತ್ತು. ಹಣ ವಾಪಸ್ ಕೊಟ್ಟೆ. ಆದರೆ ಆ ಮೊರ ಇವತ್ತಿಗೂ ಕಣ್ಣ ಮುಂದಿದೆ.

ಹೀಗಾಗಲು ಕಾರಣ ಸರಳ. ಹಿಂದೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣ ಉಸಿರಾಡುತ್ತೆ. ಗೋಡೆಯೊಳಗಿನ ತೇವ ಸುಣ್ಣದ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತೆ. ಈಗಿನ ಎಮಲ್ಷನ್ ಹಾಗಲ್ಲ, ಅದು ಗೋಡೆಯ ಮೇಲೆ ಪ್ಲಾಸ್ಟಿಕ್ಕಿನಂಥ ಪೊರೆ ಕಟ್ಟುತ್ತೆ. ಅಲಂಕಾರದ ಫಿನಿಶ್ ಅಂದರೆ ಪ್ರೈಮರ್, ಬೇಸ್ ಕೋಟ್ ಎರಡು, ಮೇಲೆ ಗ್ಲೇಜ್ ಎಂಬ ಪಾರದರ್ಶಕ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್, ಹೀಗೆ ಪೊರೆಯ ಮೇಲೆ ಪೊರೆ. ಒಳಗಿನ ನೀರಿಗೆ ದಾರಿ ಇಲ್ಲ. ಇಟ್ಟಿಗೆ, ಸಿಮೆಂಟಿನಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತೆ, ಪೊರೆಯ ಹಿಂದೆ ಬಂದು ನಿಲ್ಲುತ್ತೆ, ನೀರು ಆರಿ ಉಪ್ಪು ಹರಳುಗಟ್ಟುತ್ತೆ. ಹರಳು ಬೆಳೆದು ಬಣ್ಣವನ್ನು ಹಿಂದಿನಿಂದ ತಳ್ಳುತ್ತೆ. ಎಷ್ಟು ದುಬಾರಿ ಫಿನಿಶ್ಶೋ ಅಷ್ಟು ದೊಡ್ಡ ಚಕ್ಕೆ.

ಆದ್ದರಿಂದ ನೀನು ಈ ವಾರ ಮಾಡಬೇಕಾದ ಕೆಲಸ ಶೇಡ್ ಕಾರ್ಡ್ ನೋಡುವುದಲ್ಲ. ಒಂದೂವರೆ ಅಡಿ ಚೌಕದ ಗಟ್ಟಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿಕೋ. ಆ ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸು. ಒಂದು ಹಗಲು ಒಂದು ರಾತ್ರಿ ಬಿಡು. ಮಾರನೇ ದಿನ ತೆಗೆದು ಒಳಬದಿ ನೋಡು. ಹನಿ ಕೂತಿದ್ದರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ ನೀರು ಒಳಗಿನಿಂದಲೇ ಬರುತ್ತಿದೆ. ಆಗ ಕರೆಯಬೇಕಾದದ್ದು ಪೇಂಟರನ್ನಲ್ಲ, ಪ್ಲಂಬರನ್ನ. ಬಾತ್‌ರೂಮಿನ ಟೈಲ್ಸ್ ಸಂದಿಯೋ, ಗೋಡೆಯೊಳಗಿನ ಪೈಪಿನ ಜಾಯಿಂಟೋ, ಅವರು ಹುಡುಕಲಿ. ಸರಿಮಾಡಿಸಿದ ಮೇಲೆ ಆ ಭಾಗದ ಹಳೆಯ ಪ್ಲಾಸ್ಟರನ್ನು ಒಂದೆರಡು ಅಡಿ ಜಾಸ್ತಿಯೇ ಒಡೆಸಿ ಹೊಸದು ಮಾಡಿಸು. ಉಪ್ಪು ತಿಂದ ಪ್ಲಾಸ್ಟರನ್ನು ಎಷ್ಟು ಕೆರೆದರೂ ಅದು ಮತ್ತೆ ಕಕ್ಕುತ್ತೆ. ಹೊಸ ಪ್ಲಾಸ್ಟರಿಗೆ ಕಡಿಮೆ ಎಂದರೂ 28 ದಿನ ಕೊಡಬೇಕು. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಮೇಲಿನ ಬಣ್ಣವನ್ನು ಅದು ಸುಟ್ಟು ಮಂಕು ಮಾಡುತ್ತೆ.

ಕಾಲವನ್ನೂ ನೋಡಬೇಕು. ನಮ್ಮ ಊರಲ್ಲಿ ಎಲ್ಲರೂ ದೀಪಾವಳಿಗೆ ಮುಂಚೆ ಬಣ್ಣ ಹೊಡೆಸಲಿಕ್ಕೆ ಓಡುತ್ತಾರೆ. ಬೆಂಗಳೂರಿಗೆ ಮಳೆ ಹೆಚ್ಚು ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ಗೋಡೆ ವರ್ಷದಲ್ಲೇ ಹೆಚ್ಚು ನೆನೆದಿರುವ ಹೊತ್ತಿಗೆ ಅದಕ್ಕೆ ಮುಚ್ಚಳ ಹಾಕುತ್ತೇವೆ. ಯಲಹಂಕಕ್ಕಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ನೀರು ನುಗ್ಗಿದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರಗೆ ಕರೆತಂದದ್ದನ್ನು ಟಿವಿಯಲ್ಲಿ ನೀನೂ ನೋಡಿದ್ದೀಯ. ಕೆರೆಗಳ ಪಕ್ಕ, ರಾಜಕಾಲುವೆಗಳ ಪಕ್ಕ ಬೆಳೆದ ಪ್ರದೇಶ ಅದು. ನಿನ್ನದು ಎರಡನೇ ಮಹಡಿ, ಪ್ರವಾಹದ ಭಯವಿಲ್ಲ. ಆದರೂ ಮಳೆಗಾಲ ಮುಗಿದ ಮೇಲೆ ಗೋಡೆಗೆ ಎರಡು ತಿಂಗಳ ಬಿಸಿಲು ಬೇಕು. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಮಾಡಿಸಿದರೆ ಬಹಳ ಒಳ್ಳೆಯದು. ಏಪ್ರಿಲ್ ಬಿಸಿಲಿಗೆ ಹೋದರೆ ಇನ್ನೊಂದು ಕಷ್ಟ, ಗ್ಲೇಜ್ ಕೈಗೆ ಸಿಗುವ ಮುಂಚೆ ಒಣಗಿಬಿಡುತ್ತೆ.

"ಹಾಗಾದರೆ ಕಲ್ಲಲ್ಲದ್ದನ್ನು ಕಲ್ಲಿನ ಹಾಗೆ ಬರೆಯುವುದೇ ಮೋಸ ಅಂತೀರಾ?" ಎಂದು ಇದನ್ನು ಓದಿ ನಿನ್ನ ಗಂಡ ಕೇಳಬಹುದು. ಇಲ್ಲಪ್ಪ, ನಾನು ಹಾಗೆ ಹೇಳುವವನಲ್ಲ. ಆ ವಿದ್ಯೆಯಲ್ಲೇ ಅನ್ನ ತಿಂದವನು. ಇಟಲಿಯ ಪೊಂಪೇಯಿ ಅಂತ ಒಂದು ಊರು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಗೆದಾಗ ಸಿಕ್ಕಿದ ಮನೆಗಳಲ್ಲಿ, ಅದಕ್ಕೂ ಇನ್ನೂರು ವರ್ಷ ಹಳೆಯ ಗೋಡೆಗಳ ಮೇಲೆ, ಗಾರೆಯನ್ನು ಚಪ್ಪಡಿಯ ಆಕಾರಕ್ಕೆ ತಿದ್ದಿ ಬಣ್ಣಬಣ್ಣದ ಅಮೃತಶಿಲೆಯ ಹಾಗೆ ಬರೆದಿದ್ದಾರೆ. ಕಲ್ಲು ತರಿಸುವ ಶಕ್ತಿ ಇಲ್ಲದವನಿಗೂ ಕಲ್ಲಿನ ಚೆಲುವು ಬೇಕೆನಿಸುವುದು ಹೊಸದೇನಲ್ಲ.

ನಮ್ಮ ಕಡೆಯದನ್ನೇ ನೋಡು. ಮದರಾಸಿನ ಸುಣ್ಣದ ಗಾರೆ ಒಂದು ಕಾಲಕ್ಕೆ ಲೋಕಪ್ರಸಿದ್ಧ. ಚಿಪ್ಪಿನ ಸುಣ್ಣವನ್ನು ನುಣ್ಣಗೆ ಅರೆದು, ಪದರದ ಮೇಲೆ ಪದರ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಕಂಬಗಳಿಗೆ ಅಮೃತಶಿಲೆಯ ಹೊಳಪು ಕೊಡುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ, ಮೊಟ್ಟೆಯ ಬಿಳಿ, ಮೊಸರು, ತುಪ್ಪ ಎಲ್ಲ ಆ ಪಾಕದಲ್ಲಿ ಸೇರುತ್ತಿದ್ದವು. 1732ರಷ್ಟು ಹಿಂದೆಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಆ ಪಾಕವನ್ನು ಅಚ್ಚು ಹಾಕಿದ್ದಾರೆ ಅಂದರೆ ನಮ್ಮ ಗಾರೆ ಕೆಲಸದವರ ಕೈ ಎಂಥದ್ದು ಅಂತ ಲೆಕ್ಕ ಹಾಕು. ಉತ್ತರ ಕನ್ನಡದ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕೆಲಸ ಇದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಹಚ್ಚಿ, ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವುದು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಕೂದಲೆಳೆಯಷ್ಟು ಸಣ್ಣ ಗೆರೆ, ಒಂದೂ ನಡುಗಿರುವುದಿಲ್ಲ. ಇಲ್ಲೇ ಕೆ.ಆರ್. ಮಾರ್ಕೆಟ್ಟಿನ ಪಕ್ಕ ಟಿಪ್ಪುವಿನ ಬೇಸಿಗೆ ಅರಮನೆಗೆ ಪುಟ್ಟಿಯನ್ನು ಕರೆದುಕೊಂಡು ಹೋಗು. ಹೈದರಾಲಿ 1781ರಲ್ಲಿ ಶುರುಮಾಡಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬ, ಕಮಾನು. ಗೋಡೆ, ಸೂರಿನ ಮೇಲೆ ಬರೆದ ಹೂಬಳ್ಳಿ ಬಹಳಷ್ಟು ಮಾಸಿಹೋಗಿದೆ, ಆದರೂ ಅಲ್ಲಲ್ಲಿ ಉಳಿದಿದೆ. ಇನ್ನೂರು ವರ್ಷ ದಾಟಿದ ಬಣ್ಣ ಹೇಗೆ ವಯಸ್ಸಾಗುತ್ತೆ ಅನ್ನುವುದನ್ನು ಹತ್ತಿರ ನಿಂತು ನೋಡಬೇಕು. ಮೆಲ್ಲಗೆ ಮಸುಕಾಗುತ್ತಾ ಹೋಗುತ್ತೆ.

ಇವರೆಲ್ಲರ ಕೆಲಸದಲ್ಲಿ ನಾನು ಕಂಡದ್ದು ಒಂದೇ. ಅಲಂಕಾರ ಗೋಡೆಯ ಚರ್ಮವಾಗಿತ್ತು, ಕಂಬಳಿಯಾಗಿರಲಿಲ್ಲ. ಗಾರೆಯ ಹೊಳಪು ಗಾರೆಯಿಂದಲೇ ಬಂದದ್ದು, ಕಾವಿಯ ಬಿಳಿ ಗೋಡೆಯದೇ ಬಿಳಿ. ಏನನ್ನೋ ಮುಚ್ಚಲಿಕ್ಕೆ ಅಂತ ಯಾರೂ ಬರೆಯಲಿಲ್ಲ.

ಈಗ ನಿನ್ನ ಕೋಣೆಗಳ ವಿಷಯಕ್ಕೆ ಬರ್ತೀನಿ. ನನಗೆ ಕುಂಚ ಹಿಡಿಯುವುದನ್ನು ಕಲಿಸಿದ ಯಶವಂತಪುರದ ಗುರುಗಳು ವಯಸ್ಸಿನಲ್ಲಿದ್ದಾಗ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಅರಮನೆಯ ಕಂಬಗಳಿಗೆ ಅವರು ಬರೆಯುತ್ತಿದ್ದ ಅಮೃತಶಿಲೆಯ ಗೆರೆಯನ್ನು ಹತ್ತಿರದಿಂದ ನೋಡಿದರೆ ಪೊರಕೆಯಲ್ಲಿ ಬಳಿದಂತೆ ಕಾಣುತ್ತಿತ್ತು. ಮೂವತ್ತು ಅಡಿ ಹಿಂದೆ ಹೋಗಿ ನಿಂತರೆ ಕಲ್ಲು. "ಯಾರು ಎಲ್ಲಿ ಕೂತು ನೋಡುತ್ತಾರೆ ಅಂತ ಮೊದಲು ಕೇಳು, ಆಮೇಲೆ ಕುಂಚ ಅದ್ದು" ಅನ್ನುತ್ತಿದ್ದರು. ಮನೆಗೂ ಇದೇ ಲೆಕ್ಕ. ಸೋಫಾದ ಎದುರಿನ ಗೋಡೆಯನ್ನು ಹತ್ತು ಹನ್ನೆರಡು ಅಡಿ ದೂರದಿಂದ ನೋಡುತ್ತೀಯ, ದೊಡ್ಡ ಕೈಯ ಡಿಸೈನ್ ತಡೆಯುತ್ತೆ. ಮಂಚದ ತಲೆಯ ಕಡೆ ಗೋಡೆ ನಿನ್ನ ಮೂಗಿನಿಂದ ಅರ್ಧ ಅಡಿ. ಅಲ್ಲಿ ದಪ್ಪ ಟೆಕ್ಸ್ಚರ್ ಹಾಕಿದರೆ ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಉಬ್ಬುತಗ್ಗು ಕಾಣುತ್ತೆ, ಕೈಗೆ ಒರಟು ಸಿಗುತ್ತೆ, ಸಂದಿಯಲ್ಲಿ ಧೂಳು ಕೂರುತ್ತೆ. ಪ್ಯಾಸೇಜಿನಲ್ಲಂತೂ ಬೇಡವೇ ಬೇಡ. ಹೆಗಲು ತಗಲಿ, ಸ್ಕೂಲ್ ಬ್ಯಾಗು ತಗಲಿ ಆರು ತಿಂಗಳಿಗೆ ಜಿಡ್ಡು.

ಬೆಳಕನ್ನೂ ನೋಡು. ನಿನ್ನ ಹಾಲಿಗೆ ಬಾಲ್ಕನಿಯ ದೊಡ್ಡ ಗಾಜಿನ ಬಾಗಿಲಿನಿಂದ ಸಂಜೆ ಬೆಳಕು ಗೋಡೆಯ ಉದ್ದಕ್ಕೆ ಸವರಿಕೊಂಡು ಬರುತ್ತೆ. ರಾತ್ರಿ ದೀಪವೆಲ್ಲ ಆರಿಸಿ ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಅಡ್ಡಡ್ಡ ಬೆಳಕು ಬಿಡು. ಪಟ್ಟಿಯ ಪ್ರತಿ ಗುಳಿ, ಪ್ರತಿ ದಿಬ್ಬ ಎದ್ದು ನಿಲ್ಲುತ್ತೆ. ಸಂಜೆ ಐದರಿಂದ ಆರರವರೆಗೆ ನೀನು ದಿನಾ ನೋಡಲಿರುವುದು ಅದನ್ನೇ. ಹೊಳಪು ಹೆಚ್ಚಾದಷ್ಟೂ ದೋಷ ಎದ್ದು ಕಾಣುತ್ತೆ. ಮೆಟಾಲಿಕ್ ಬಣ್ಣ ಕನ್ನಡಿ ಹಿಡಿದು ತೋರಿಸುತ್ತೆ. ಸ್ಪಂಜಿನ ಕೆಲಸ, ಬಟ್ಟೆಯ ಕೆಲಸ ಸಣ್ಣಪುಟ್ಟ ಗುಳಿಯನ್ನು ಮರೆಸುತ್ತವೆ. ಆದರೆ ಬಿರುಕನ್ನು ಯಾವುದೂ ಮರೆಸುವುದಿಲ್ಲ. ನೀನು ಕಳಿಸಿದ ಎರಡನೇ ಫೋಟೋದಲ್ಲಿ ಕಾಲಮ್ಮಿನ ಪಕ್ಕ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಇದೆ. ಕಾಂಕ್ರೀಟು ಒಂದು ಲೆಕ್ಕದಲ್ಲಿ ಹಿಗ್ಗುತ್ತೆ, ಬ್ಲಾಕಿನ ಗೋಡೆ ಇನ್ನೊಂದು ಲೆಕ್ಕದಲ್ಲಿ ಹಿಗ್ಗುತ್ತೆ, ಎರಡೂ ಸೇರುವ ಕಡೆ ಬಿಡುತ್ತೆ. ಹೆದರುವಂಥದ್ದಲ್ಲ. ಅದನ್ನು ವಿ ಆಕಾರಕ್ಕೆ ಬಿಡಿಸಿ, ಫಿಲ್ಲರ್ ತುಂಬಿ, ಮೇಲೆ ಫೈಬರ್ ಮೆಶ್ ಅಂಟಿಸಿ, ಆಮೇಲೆ ಪಟ್ಟಿ ಎಳೆಯಬೇಕು. ಈ ಮೆಶ್ ಹಾಕುವುದಕ್ಕೆ ಯಾರಾದರೂ "ಬೇಡ ಮೇಡಂ, ಮುಚ್ಚಿಹೋಗುತ್ತೆ" ಅಂದರೆ ಒಪ್ಪಬೇಡ.

ಯಾವ ಕಂಪನಿಯದಾದರೂ ಜನ ಈ ಅಲಂಕಾರದ ಫಿನಿಶ್‌ಗಳನ್ನೆಲ್ಲ ರಾಯಲ್ ಪ್ಲೇ ಅಂತಲೇ ಕರೆಯುತ್ತಾರೆ. ಒಳಗಿನ ತತ್ವ ಮಾತ್ರ ಬಹಳಷ್ಟಕ್ಕೆ ಒಂದೇ. ಕೆಳಗೊಂದು ಬಣ್ಣ, ಮೇಲೆ ಪಾರದರ್ಶಕವಾದ ಇನ್ನೊಂದು ಬಣ್ಣ. ಮೇಲಿನದ್ದನ್ನು ಹಸಿ ಇರುವಾಗಲೇ ಸ್ಪಂಜಿನಿಂದಲೋ, ಬಟ್ಟೆಯಿಂದಲೋ, ಬಾಚಣಿಗೆಯಿಂದಲೋ ಕದಡಿ ಕೆಳಗಿನದನ್ನು ಇಣುಕಿಸುವುದು. ಹಳೆಯ ಕಾಲದ ಕಬ್ಬಿಣದ ಬೀರುಗಳ ಮೇಲೆ ಮರದ ಎಳೆ ಬರೆಯುತ್ತಿದ್ದರಲ್ಲ, ಅದೂ ಇದೇ ವಿದ್ಯೆ. ಕಂದು ಬಣ್ಣ ಹಚ್ಚಿ, ಹಸಿಯಲ್ಲಿ ರಬ್ಬರಿನ ಬಾಚಣಿಗೆ ಎಳೆದು, ನಡುನಡುವೆ ಕೈ ತಿರುಗಿಸಿದರೆ ಗಂಟು ಮೂಡುತ್ತಿತ್ತು.

ಪುಟ್ಟಿಯ ರೂಮಿನ ಮೋಡವನ್ನು ದುಡ್ಡು ಕೊಟ್ಟು ಮಾಡಿಸಬೇಡ. ನೀನೇ ಮಾಡು, ನಾನು ಪಕ್ಕ ನಿಲ್ತೀನಿ. ತೆಳು ನೀಲಿಯ ಬೇಸ್ ಎರಡು ಕೋಟ್ ಹೊಡೆಸಿ ಒಂದು ರಾತ್ರಿ ಪೂರ್ತಿ ಒಣಗಲಿಕ್ಕೆ ಬಿಡು. ಬೇಸು ಸ್ಯಾಟಿನ್ ಆಗಿರಲಿ, ಪೂರ್ತಿ ಮ್ಯಾಟ್ ಆದರೆ ಮೇಲಿನ ಬಣ್ಣವನ್ನು ಇಂಗಿಸಿಕೊಂಡು ನಿನಗೆ ಕೆಲಸ ಮಾಡಲು ಸಮಯವೇ ಕೊಡುವುದಿಲ್ಲ. ಸಮುದ್ರದ ಸ್ಪಂಜು ಸಿಕ್ಕಿದರೆ ಅದೇ ಮೇಲು, ಅದರ ರಂಧ್ರಗಳು ಒಂದರ ಹಾಗೆ ಇನ್ನೊಂದಿಲ್ಲ. ಸಿಗದಿದ್ದರೆ ಸಾಮಾನ್ಯ ಸ್ಪಂಜು ತೆಗೆದುಕೊಂಡು ನಾಲ್ಕೂ ಮೂಲೆಯನ್ನು ಬೆರಳಿಂದ ಕಿತ್ತು ಹಾಕು. ಕತ್ತರಿ ಬೇಡ, ಕತ್ತರಿಸಿದ ಅಂಚು ಗೋಡೆಯ ಮೇಲೆ ಚೌಕವಾಗಿ ಅಚ್ಚೊತ್ತುತ್ತೆ. ಸ್ಪಂಜನ್ನು ನೀರಲ್ಲಿ ನೆನೆಸಿ, ಚಪಾತಿ ಹಿಟ್ಟಿನ ಒದ್ದೆಬಟ್ಟೆಯಷ್ಟು ತೇವ ಉಳಿಯುವ ಹಾಗೆ ಹಿಂಡಿಬಿಡು. ತಟ್ಟೆಯಲ್ಲಿನ ಬಿಳಿಗೆ ಮೆಲ್ಲಗೆ ತಾಗಿಸು, ಹಳೆಯ ಪೇಪರಿನ ಮೇಲೆ ಎರಡು ಸಲ ತಟ್ಟು, ಆಮೇಲೆ ಗೋಡೆಗೆ. ಒತ್ತಬಾರದು, ಜ್ವರ ನೋಡಲಿಕ್ಕೆ ಮಗುವಿನ ಹಣೆ ಮುಟ್ಟುತ್ತೀಯಲ್ಲ, ಅಷ್ಟೇ. ಎತ್ತು, ಮಣಿಕಟ್ಟು ಸ್ವಲ್ಪ ತಿರುಗಿಸು, ಮತ್ತೆ ಮುಟ್ಟು. ತಿರುಗಿಸದಿದ್ದರೆ ಒಂದೇ ಅಚ್ಚು ಸಾಲಾಗಿ ಬಂದು ಲಾರಿ ಚಕ್ರದ ಗುರುತಿನ ಹಾಗೆ ಕಾಣುತ್ತೆ. ಮೋಡದ ಮೇಲಂಚು ದಟ್ಟ, ಕೆಳಗೆ ಬರುತ್ತಾ ಸ್ಪಂಜಿನಲ್ಲಿ ಬಣ್ಣ ಖಾಲಿಯಾಗುತ್ತಾ ಬರಲಿ, ಅದಾಗಿಯೇ ಕರಗಿದಂತೆ ಕಾಣುತ್ತೆ. ಐದು ನಿಮಿಷಕ್ಕೊಮ್ಮೆ ಬಾಗಿಲವರೆಗೆ ಹಿಂದೆ ಹೋಗಿ ನಿಂತು ನೋಡು. ಬೀರು ಬರುವ ಮೂಲೆಯಿಂದ ಶುರುಮಾಡಿದರೆ ಕೈ ಕೂರುವಷ್ಟರಲ್ಲಿ ಆಗುವ ತಪ್ಪು ಬೀರುವಿನ ಹಿಂದೆ ಹೋಗುತ್ತೆ.

ಹಾಲಿನ ಅಮೃತಶಿಲೆಗೆ ಮಾತ್ರ ಪಳಗಿದ ಕೈಯೇ ಬೇಕು. ಫೋಟೋಗಳಲ್ಲಿ ನೀನು ಮೆಚ್ಚಿದ ನಾಲ್ಕರಲ್ಲಿ ಮೂರರಲ್ಲಿ ಗೆರೆ ನದಿಯ ಹಾಗೆ ಅಂಕುಡೊಂಕಾಗಿ ಹರಿದಿದೆ. ಕಲ್ಲಿನ ಗೆರೆ ಹರಿಯುವುದಿಲ್ಲ, ಒಡೆಯುತ್ತೆ. ಭೂಮಿಯೊಳಗೆ ಬಿರುಕು ಬಿಟ್ಟ ಕಡೆ ಬೇರೆ ಖನಿಜ ತುಂಬಿಕೊಂಡು ಆದದ್ದು ಬಹಳಷ್ಟು ಗೆರೆ. ಆದ್ದರಿಂದ ಅದು ಒಂದು ಓರೆಯಲ್ಲಿ ಹೋಗುತ್ತೆ, ಥಟ್ಟನೆ ಕವಲಾಗುತ್ತೆ, ಒಂದು ಕಡೆ ದಪ್ಪಗಾಗಿ ಇನ್ನೊಂದು ಕಡೆ ಮಾಯವಾಗುತ್ತೆ. ಮೊದಲು ಹಾಲುಬಿಳುಪಿನ ಬೇಸಿನ ಮೇಲೆ ಬೂದು ಗ್ಲೇಜನ್ನು ಬಟ್ಟೆಯಲ್ಲಿ ಮಬ್ಬಾಗಿ ಹಬ್ಬಿಸಬೇಕು. ಅದು ಹಸಿಯಿರುವಾಗ ಸಣ್ಣ ಕುಂಚದ ತುದಿಯನ್ನು ಹಿಡಿದು, ಬೆರಳಲ್ಲಿ ಹೊರಳಿಸುತ್ತಾ, ಗೆರೆ ಎಳೆದು, ಮೆತ್ತನೆಯ ಒಣ ಬ್ರಷ್ಷನ್ನು ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿ ಗೆರೆಯ ಒಂದು ಮಗ್ಗುಲನ್ನು ಮಾತ್ರ ಮಂಜು ಮಾಡಬೇಕು. ನಮ್ಮ ಗುರುಗಳು ಇದಕ್ಕೆ ಕೋಳಿ ಪುಕ್ಕ ಬಳಸುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದೆ. ಇನ್ನೊಂದು ಗುಟ್ಟಿದೆ. ಹದಿನಾಲ್ಕು ಅಡಿ ಉದ್ದದ ಗೋಡೆಗೆ ಒಂದೇ ಚಪ್ಪಡಿ ಕೂರಿಸುವುದನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಕಲ್ಲು ಚಪ್ಪಡಿಯಾಗಿ ಬರುತ್ತೆ. ಗೋಡೆಯನ್ನು ಟೇಪ್ ಹಾಕಿ ಚಪ್ಪಡಿಗಳಾಗಿ ಭಾಗ ಮಾಡಿಸು. ಒಂದು ಬಿಟ್ಟು ಒಂದು ಬರೆದು ಒಣಗಿಸಿ, ಆಮೇಲೆ ಉಳಿದವನ್ನು ಬರೆಯಲಿ. ಒಂದರ ಗೆರೆ ಪಕ್ಕದ್ದಕ್ಕೆ ಮುಂದುವರಿಯಬಾರದು. ನಡುವೆ ಪೆನ್ಸಿಲ್ಲಿನಷ್ಟು ಸಣ್ಣ ಜಾಯಿಂಟ್ ಗೆರೆ. ಆಗ ನೋಡು, ಬಂದವರು ಹತ್ತಿರ ಹೋಗಿ ಮುಟ್ಟಿ ನೋಡುತ್ತಾರೆ.

ಮನೆಗೆ ಇಂಥ ಗೋಡೆ ಒಂದು ಸಾಕು. ಹಾಲಿನ ಉಳಿದ ಮೂರಕ್ಕೆ ಅದರ ಬೇಸಿನ ಬಣ್ಣವನ್ನೇ ಸಾದಾ ಹೊಡೆಸು.

ದೇವರ ಮೂಲೆಗೆ ಚಿನ್ನದ ಮೆಟಾಲಿಕ್ ಬೇಡ ಅನ್ನುತ್ತೇನೆ. ದೀಪದ ಮಸಿ, ಊದುಬತ್ತಿ ಹೊಗೆ, ಅರಿಶಿನ ಕುಂಕುಮದ ಬೆರಳು, ಇಷ್ಟೂ ಅಲ್ಲೇ ಬೀಳುವುದು. ಮೆಟಾಲಿಕ್ಕನ್ನು ತಿಕ್ಕಿ ಒರೆಸಿದರೆ ಒರೆಸಿದ ಜಾಗ ಬೇರೆಯಾಗಿ ಕಾಣುತ್ತೆ, ಅಷ್ಟಕ್ಕೆ ಮಾತ್ರ ಟಚಪ್ ಮಾಡಲಿಕ್ಕೂ ಬರುವುದಿಲ್ಲ, ಗೋಡೆ ಪೂರ್ತಿ ಮತ್ತೆ ಹೊಡೆಯಬೇಕು. ತೊಳೆಯಬಹುದಾದ ಕೆಮ್ಮಣ್ಣಿನ ಬಣ್ಣದ ಸಾದಾ ಎಮಲ್ಷನ್ ಹೊಡೆಸಿ, ಅಂಚಿಗೆ ಬಿಳಿಯಲ್ಲಿ ನೀನೇ ನಾಲ್ಕೆಳೆ ರಂಗೋಲಿ ಬರೆ. ನಿನ್ನ ಅಜ್ಜಿಯ ಕೈ ನಿನಗೆ ಬಂದಿದೆ. ಚಿಕ್ಕವಳಿದ್ದಾಗ ನಮ್ಮ ಅಂಗಳದಲ್ಲಿ ನೀನು ಬರೆದದ್ದನ್ನು ನೋಡಿದ್ದೇನೆ.

ಮಲಗುವ ಕೋಣೆಯ ಆ ಗೋಡೆಗೆ ಒಂದು ಮಳೆಗಾಲ ಸಾದಾ ಬಣ್ಣವಿರಲಿ. ಅಕ್ಟೋಬರ್ ಕಳೆದ ಮೇಲೂ ಉಬ್ಬದಿದ್ದರೆ ಆಗ ರೇಷ್ಮೆ ಮಾಡಿಸೋಣ.

ಇನ್ನೊಂದು ವಿಷಯ, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡ. ಆರ್.ಟಿ. ನಗರದ ನಿಮ್ಮಮ್ಮನ ಮನೆಗೂ ಇದೇ ಸಮಯದಲ್ಲಿ ಹೊಡೆಸಬೇಕು ಅಂದೆ. ಅಲ್ಲಿ ಗೋಡೆಗೆ ಸೊಂಟದೆತ್ತರಕ್ಕೆ ಹಳೆಯ ಆಯಿಲ್ ಪೇಂಟ್ ಇದೆ, ಬಾಗಿಲು ಕಿಟಕಿಗೂ ಅದೇ. ಆ ಕಾಲದ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಂಭವ ಬಹಳ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಮಕ್ಕಳ ಮೈಗೆ ಸೀಸ ಸೇರುವುದರ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರಿನಿಂದ ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಆದರೆ ಗೋಡೆಯ ಮೇಲೆ ಆಗಲೇ ಕೂತಿರುವ ಬಣ್ಣಕ್ಕೆ ಈ ನಿಯಮ ಏನು ಮಾಡೀತು? ಅದನ್ನು ಎಮೆರಿ ಪೇಪರಿನಲ್ಲಿ ಒಣಗಿದ್ದ ಹಾಗೇ ಉಜ್ಜಿದರೆ ಧೂಳು ಮನೆಯೆಲ್ಲ ಹಾರುತ್ತೆ. ನೀರು ಹಚ್ಚಿ ಉಜ್ಜಬೇಕು, ಕೆಲಸದವರು ಮಾಸ್ಕ್ ಹಾಕಬೇಕು, ಪ್ರತಿ ಸಂಜೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಬೇಕು, ಗುಡಿಸಬಾರದು. ಆ ಕೆಲಸ ಮುಗಿಯುವವರೆಗೆ ಪುಟ್ಟಿ ಅಜ್ಜಿಯ ಮನೆಗೆ ಹೋಗುವುದು ಬೇಡ. ನಮ್ಮ ಕಾಲದಲ್ಲಿ ಇದು ನಮಗೆ ಯಾರೂ ಹೇಳಲಿಲ್ಲ. ಎಷ್ಟು ಧೂಳು ಕುಡಿದೆವೋ.

ಕೆಲಸದವರ ಬಗ್ಗೆ ಸ್ವಲ್ಪ ಹೇಳಬೇಕು. ಈಗ ಬರುವ ಹುಡುಗರು ಬಿಹಾರದವರು, ಒಡಿಶಾದವರು, ಬಂಗಾಳದವರು, ತಮಿಳುನಾಡಿನವರು. ಒಳ್ಳೆಯ ಕೈಗಳಿವೆ. ಅವರಿಗೆ ಸಿಗದಿರುವುದು ಸಮಯ. ಕಾಂಟ್ರಾಕ್ಟರು ಎರಡು ದಿನದಲ್ಲಿ ಮುಗಿಸು ಅನ್ನುತ್ತಾನೆ, ಹುಡುಗ ಒಣಗದ ಪಟ್ಟಿಯ ಮೇಲೆ ಪ್ರೈಮರ್ ಎಳೆಯುತ್ತಾನೆ. ಮೊದಲೇ ಮಾತಾಡಿಕೋ. ಒಂದೊಂದು ಕೋಟಿನ ನಡುವೆ ಎಷ್ಟು ಹೊತ್ತು ಬಿಡುತ್ತಾರೆ, ಚದರಡಿ ಲೆಕ್ಕದಲ್ಲಿ ಪಟ್ಟಿ, ಪ್ರೈಮರ್ ಸೇರಿದೆಯೋ ಇಲ್ಲವೋ, ಬರೆಸಿಕೋ. ಗ್ಲೇಜಿನ ಕೆಲಸಕ್ಕೆ ಇಬ್ಬರು ಬೇಕು, ಒಬ್ಬ ಹಚ್ಚುತ್ತಾ ಹೋದರೆ ಇನ್ನೊಬ್ಬ ಹಿಂದೆಯೇ ಕದಡುತ್ತಾ ಬರಬೇಕು. ಒಂದು ಗೋಡೆ ಶುರುಮಾಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ಊಟಕ್ಕೆ ಹೋಗಬೇಕು, ನಡುವೆ ನಿಂತರೆ ಒಣಗಿದ ಅಂಚು ಜನ್ಮಪೂರ್ತಿ ಕಾಣುತ್ತೆ. ಅದಕ್ಕೆ ಅವರಿಗೆ ಮೊದಲೇ ತಿಂಡಿ, ಕಾಫಿ ಆಗಿರಲಿ. ಆ ಹೊತ್ತಿನಲ್ಲಿ ಫ್ಯಾನ್ ಹಾಕಬೇಡ. ಮಾಸ್ಕಿಂಗ್ ಟೇಪನ್ನು ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆ, ಓರೆಯಾಗಿ, ನಿಧಾನ ಎಳೆಯಬೇಕು. ಉಳಿದ ಬಣ್ಣವನ್ನು ಬಿಗಿಯಾದ ಡಬ್ಬಿಯಲ್ಲಿ ತುಂಬಿಸಿ, ಶೇಡ್ ನಂಬರು, ತಾರೀಕು ಬರೆದು ಅಟ್ಟದ ಮೇಲೆ ಇಡು. ಚೆನ್ನಾಗಿ ಮಾಡಿದ ಹುಡುಗನ ಹೆಸರು ಕೇಳಿ ಫೋನ್ ನಂಬರನ್ನೂ ಅದರ ಜೊತೆಗೇ ಬರೆದಿಡು. ಐದು ವರ್ಷ ಕಳೆದು ಅದೇ ಕೈ ಬೇಕಾಗುತ್ತೆ.

ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ, ತಿಂಡಿಗೆ ಕಾಯಬೇಡಿ. ಎರಡಡಿ ಚೌಕದ ಪ್ಲೈವುಡ್ ಮೂರು ತರಿಸಿ, ಮೂರಕ್ಕೂ ಶನಿವಾರವೇ ಹಾಲುಬಿಳುಪಿನ ಸ್ಯಾಟಿನ್ ಎರಡು ಕೋಟ್ ಹೊಡೆದಿಡು. ಅವುಗಳ ಮೇಲೆ ಬೂದು, ತೆಳು ಹಸಿರು, ಮಣ್ಣಿನ ಬಣ್ಣ ಮೂರನ್ನೂ ಹಾಕಿ ತೋರಿಸ್ತೀನಿ. ಹಾಲಿನ ಗೋಡೆಗೆ ಒರಗಿಸಿಟ್ಟು ಒಂದು ವಾರ ಬೆಳಿಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿಕೊಂಡು ಆಮೇಲೆ ಹೇಳಿ. ಹಳೆಯ ಹತ್ತಿ ಬನಿಯನ್ ನಾಲ್ಕು ಒಗೆದಿಡು, ಟವೆಲ್ ಬೇಡ, ಎಳೆ ಬಿಡುತ್ತೆ. ಪ್ಲಾಸ್ಟಿಕ್ ಹಾಳೆಯನ್ನು ಶನಿವಾರ ಬೆಳಿಗ್ಗೆಯೇ ಅಂಟಿಸು, ನಾನು ಬಂದ ಮೇಲೆ ಇಬ್ಬರೂ ಸೇರಿ ಬಿಚ್ಚಿ ನೋಡೋಣ. ಪುಟ್ಟಿಗೆ ಹಳೇ ಫ್ರಾಕ್ ಹಾಕಿರು, ಮೊದಲ ಮೋಡ ಅವಳ ಕೈಯಲ್ಲೇ ಇಡಿಸ್ತೀನಿ.

ನಿನ್ನ ದೊಡ್ಡಪ್ಪ